ನಿನ್ನ ಮಗಳ ಪ್ರಶ್ನೆಗೆ ಉತ್ತರವಾಗಿ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳಾದವು. ತಡವಾಗಿದ್ದಕ್ಕೆ ಬೇಸರಿಸಬೇಡ, ನೀನು ಕೇಳಿದ್ದು ಎರಡು ಸಾಲಿನಲ್ಲಿ ಮುಗಿಯುವ ಪ್ರಶ್ನೆಯಾಗಿರಲಿಲ್ಲ. ಮೀನು, ಆಮೆ, ಹಂದಿ, ನರಸಿಂಹ, ವಾಮನ, ಆಮೇಲೆ ಪೂರ್ಣ ಮನುಷ್ಯ ಎಂಬ ಕ್ರಮದಲ್ಲಿ ದಶಾವತಾರವು ಜೀವವಿಕಾಸವನ್ನೇ ಹೇಳುತ್ತದೆ ಎಂದು ಊರಿನ ಉಪನ್ಯಾಸದಲ್ಲಿ ಕೇಳಿ ಬಂದ ನಿನ್ನ ಮಗಳು, ‘ಹಾಗಾದರೆ ಡಾರ್ವಿನ್ ಯಾಕೆ ಬೇಕಿತ್ತಪ್ಪ?’ ಎಂದಳಂತೆ. ಅದರ ಬೆನ್ನಿಗೇ ನಿನ್ನ ಪ್ರಶ್ನೆ: ಋಷಿಗಳ, ಕವಿಗಳ ಕಾಣ್ಕೆಗೆ ವಿಕಾಸದ ಚರ್ಚೆಯಲ್ಲಿ ಏನಾದರೂ ಬೆಲೆಯುಂಟೋ, ಇಲ್ಲ ಅದು ಪೂರಾ ಹೊರಗಿನ ಮಾತೋ?

ಬೆಲೆಯುಂಟು ಎಂದೇ ನನ್ನ ಉತ್ತರ. ಆದರೆ ಉಪನ್ಯಾಸಕರು ತೋರಿಸಿದ ಜಾಗದಲ್ಲಿ ಅಲ್ಲ.

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಾ ಇಷ್ಟು ವರ್ಷ ಕಳೆದ ನನಗೆ ಒಂದು ಸಂಗತಿ ಪ್ರತಿವರ್ಷವೂ ನೋವು ಕೊಡುತ್ತದೆ. ಕಲ್ಪನೆ ಎಂಬುದು ಕನ್ನಡ ತರಗತಿಯ ವಸ್ತು, ವಿಜ್ಞಾನದಲ್ಲಿರುವುದು ಬರೀ ಕಂಡದ್ದು ಮತ್ತು ಎಣಿಸಿದ್ದು ಎಂದು ಮಕ್ಕಳು ನಂಬಿಕೊಂಡೇ ಬರುತ್ತಾರೆ. 2018ರಲ್ಲಿ ಕೇಂದ್ರದ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಜರ್ಯಾರೂ ಹೇಳಿಲ್ಲ, ಬರೆದಿಲ್ಲ ಎಂದು ಡಾರ್ವಿನ್ನನನ್ನು ತಳ್ಳಿಹಾಕಿದಾಗ, ಆ ಮಾತಿನ ಹಿಂದೆ ಇದ್ದದ್ದೂ ಇದೇ ನಂಬಿಕೆ. ಕಂಡವರಿಲ್ಲ ಎಂಬುದೇನೋ ನಿಜವೇ. ಒಂದು ಆಯುಷ್ಯದಲ್ಲಿ ಕಾಣಲಾಗದಷ್ಟು ನಿಧಾನವಾಗಿ ನಡೆದದ್ದನ್ನು ತಿಳಿಯಬೇಕಾದರೆ ಮೊದಲು ಅದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲೇಬೇಕು. ಕಟ್ಟಿಕೊಂಡದ್ದನ್ನು ಆಮೇಲೆ ಕಲ್ಲಿನಲ್ಲೋ ಹೂವಿನಲ್ಲೋ ಒರೆಗೆ ಹಚ್ಚಿ ನೋಡಬೇಕು. ಕಲ್ಪನೆಯಿಲ್ಲದವನಿಗೆ ವಿಕಾಸವಾದದ ಬಾಗಿಲೇ ತೆರೆಯುವುದಿಲ್ಲ.

ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನ ಒಂದು ಹೂವಿನದು. 1862ರ ಜನವರಿಯಲ್ಲಿ ಡಾರ್ವಿನ್ನನಿಗೆ ಮಡಗಾಸ್ಕರಿನ ಒಂದು ಬಿಳಿಯ ಆರ್ಕಿಡ್ ಹೂ ಬಂದು ತಲುಪಿತು. ನಮ್ಮ ಮಲೆನಾಡಿನ ಸೀತಾಳೆ ದಂಡೆಯ ದೂರದ ನೆಂಟ ಅದು. ಹೂವಿನ ಹಿಂದೆ ಜೋತುಬಿದ್ದಿದ್ದ ಕೊಳವೆ ಒಂದು ಅಡಿಗೆ ಅರ್ಧ ಇಂಚು ಮಾತ್ರ ಕಡಿಮೆ. ಮಕರಂದ ಇದ್ದದ್ದು ಅದರ ತಳದ ಒಂದೂವರೆ ಇಂಚಿನಲ್ಲಷ್ಟೇ. ಅಷ್ಟು ಆಳದ ಮಕರಂದವನ್ನು ಹೀರುವ ಕೀಟ ಯಾವುದಿದ್ದೀತು ಎಂದು ಅವನು ಬೆರಗಾದ. ಹೂವಿನೊಳಕ್ಕೆ ಕಡ್ಡಿ ತೂರಿಸಿ, ಪರಾಗದ ಗಂಟು ಹೇಗೆ ಅಂಟಿಕೊಂಡು ಹೊರಬರುತ್ತದೆಂದು ಪರೀಕ್ಷಿಸಿದ. ಅದೇ ವರ್ಷ ಪ್ರಕಟವಾದ ತನ್ನ ಆರ್ಕಿಡ್ ಗ್ರಂಥದಲ್ಲಿ, ಹತ್ತು ಹನ್ನೊಂದು ಇಂಚು ಚಾಚುವ ನಾಲಗೆಯುಳ್ಳ ಪತಂಗ ಮಡಗಾಸ್ಕರಿನಲ್ಲಿ ಇರಲೇಬೇಕೆಂದು ಬರೆದ. ಕೀಟತಜ್ಞರು ಕೆಲವರು ಗೇಲಿ ಮಾಡಿದರು. ಅವನ ಬೆಂಬಲಕ್ಕೆ ಬಂದ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಹಾಕ್‌ಮಾತ್ ಪತಂಗಗಳ ನಾಲಗೆಗಳನ್ನು ಅಳೆದು ನೋಡಿ, ಲೆಕ್ಕಾಚಾರದಿಂದ ಮೊದಲೇ ಊಹಿಸಿದ್ದ ನೆಪ್ಚೂನ್ ಗ್ರಹವನ್ನು ಖಗೋಳಜ್ಞರು ಹುಡುಕಿದಷ್ಟೇ ಭರವಸೆಯಿಂದ ಮಡಗಾಸ್ಕರಿಗೆ ಹೋಗುವವರು ಈ ಪತಂಗವನ್ನು ಹುಡುಕಬಹುದೆಂದು 1867ರಲ್ಲಿ ಬರೆದ. ಆ ಪತಂಗಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 1903ರಲ್ಲಿ; ಮೊದಲೇ ಹೇಳಿದ್ದು ಎಂಬರ್ಥದ ‘ಪ್ರೆಡಿಕ್ಟಾ’ ಎಂಬ ಪದವನ್ನೇ ಆ ಹೆಸರಿಗೆ ಸೇರಿಸಿದರು. ಅಷ್ಟರಲ್ಲಿ ಡಾರ್ವಿನ್ ತೀರಿಕೊಂಡು 21 ವರ್ಷಗಳಾಗಿದ್ದವು.

ಇದನ್ನು ಕಾಣ್ಕೆ ಎನ್ನದೆ ಏನೆನ್ನೋಣ? ಯಾರೂ ನೋಡದ ಒಂದು ಜೀವಿಯನ್ನು ಅವನು ಹೂವಿನ ಆಳದಿಂದಲೇ ಕಂಡ. ಆದರೆ ಆ ಕಾಣ್ಕೆಗೆ ಒಂದು ಅಳತೆ ಇತ್ತು, ಒಂದು ಊರು ಇತ್ತು. ಅಲ್ಲಿ ಹೋಗಿ ಹುಡುಕಿ, ಸಿಗದಿದ್ದರೆ ‘ನೀನು ತಪ್ಪು’ ಎಂದು ಯಾರು ಬೇಕಾದರೂ ಹೇಳಬಹುದಾಗಿತ್ತು. ನನ್ನ ವಿಚಾರವೆಲ್ಲ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ಅವನ ಕಲ್ಪನೆ ತಪ್ಪಿದ್ದೂ ಉಂಟು, ಗೆಳೆಯ, ಆ ತಪ್ಪಿನ ಕತೆ ನನಗೆ ಇನ್ನೂ ಹೆಚ್ಚು ಇಷ್ಟ. ವಿಕಾಸವಾದವನ್ನು ಮಂಡಿಸಿದ ತನ್ನ 1859ರ ಗ್ರಂಥದಲ್ಲಿ, ಉತ್ತರ ಅಮೆರಿಕದ ಕರಿ ಕರಡಿಯೊಂದು ಬಾಯಿ ಅಗಲಿಸಿಕೊಂಡು ಗಂಟೆಗಟ್ಟಲೆ ಈಜುತ್ತಾ ನೀರಿನ ಹುಳುಗಳನ್ನು ಹಿಡಿಯುತ್ತಿದ್ದುದನ್ನು ಒಬ್ಬ ಪ್ರವಾಸಿ ನೋಡಿದ್ದನ್ನು ಹೇಳಿ, ಇಂಥ ಕರಡಿಗಳ ಸಂತತಿಯೇ ತಲೆಮಾರುಗಳಲ್ಲಿ ತಿಮಿಂಗಿಲದಷ್ಟು ದೈತ್ಯ ಜೀವಿಯಾಗುವುದು ಅಸಾಧ್ಯವಲ್ಲ ಎಂದು ಡಾರ್ವಿನ್ ಬರೆದಿದ್ದ. ಜನ ನಕ್ಕರು, ಮರುಮುದ್ರಣದಲ್ಲಿ ಅವನು ಆ ಮಾತನ್ನು ಮೊಟಕುಗೊಳಿಸಿದ. ತಿಮಿಂಗಿಲದ ಪೂರ್ವಜ ಕರಡಿಯಲ್ಲ ಎಂಬುದು ಈಗ ಗೊತ್ತಿದೆ. ಆದರೆ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದ ಪ್ರಾಣಿಯೇ ನೀರಿಗಿಳಿದು ತಿಮಿಂಗಿಲವಾಯಿತು ಎಂಬ ಮೂಲ ಊಹೆ ನಿಂತಿತು, ಮತ್ತು ಅದಕ್ಕೆ ಸಾಕ್ಷಿ ಒದಗಿದ್ದು ನಮ್ಮ ದೇಶದ ಕಲ್ಲಿನಲ್ಲಿ. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಸೀಮೆಯ ಕಾಲಾಕೋಟಿನಿಂದ ಪಳೆಯುಳಿಕೆಗಳಿದ್ದ ಬಂಡೆಯ ತುಂಡುಗಳನ್ನು ಆಯ್ದು ತಂದು, ಅದರಲ್ಲಿದ್ದ ಪ್ರಾಣಿಗೆ 1971ರಲ್ಲಿ ಇಂಡೋಹ್ಯೂಸ್ ಎಂದು ಹೆಸರಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, ಒಡೆಯದೆ ಉಳಿದಿದ್ದ ತುಂಡುಗಳು ಅವರ ಪತ್ನಿಯ ಕೈಯಿಂದ ಹಾನ್ಸ್ ತೆವಿಸ್ಸೆನ್ ಎಂಬ ವಿಜ್ಞಾನಿಗೆ ದೊರೆತವು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಸಹಾಯಕರ ಕೈತಪ್ಪಿ ಒಂದು ತಲೆಬುರುಡೆ ಒಡೆಯಿತು. ಒಡೆದ ಜಾಗದಲ್ಲಿ ಕಂಡದ್ದು ತಿಮಿಂಗಿಲಗಳಿಗೇ ವಿಶಿಷ್ಟವಾದ ದಪ್ಪ ಅಂಚಿನ ಕಿವಿಯ ಮೂಳೆ. ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದೆ ಹೊಳೆಯ ನೀರಿನಲ್ಲಿ ಕಾಲೂರಿ ನಡೆಯುತ್ತಿದ್ದ, ಬೆಕ್ಕಿನ ಗಾತ್ರದ, ಗೊರಸಿನ ಪ್ರಾಣಿ ಅದು. ವರದಿ ಪ್ರಕಟವಾದದ್ದು 2007ರಲ್ಲಿ. ಈ ಕತೆಯನ್ನು ತರಗತಿಯಲ್ಲಿ ಹೇಳುವಾಗ ಪ್ರತಿಸಲವೂ ನನ್ನ ಗಂಟಲು ಕಟ್ಟುತ್ತದೆ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ತೆರೆಯಲಾಗದೆ ಬಿಟ್ಟುಹೋದ ಕಲ್ಲಿನೊಳಗೆ ಅಂಥ ಉತ್ತರ ಕಾದು ಕುಳಿತಿತ್ತು.

ವ್ಯಾಲೇಸನ ಹೆಸರು ಬಂತಲ್ಲ, ಅವನದು ನಿಜಕ್ಕೂ ದರ್ಶನದಂಥ ಅನುಭವ. 1858ರ ಫೆಬ್ರವರಿಯಲ್ಲಿ, ಈಗಿನ ಇಂಡೊನೇಷ್ಯಾದ ದ್ವೀಪವೊಂದರಲ್ಲಿ ಚಳಿಜ್ವರದಿಂದ ನಡುಗುತ್ತಾ ಮಲಗಿದ್ದಾಗ ಪರಿಸರಕ್ಕೆ ಹೆಚ್ಚು ಒಗ್ಗಿದವೇ ಉಳಿದು ಸಂತತಿ ಬೆಳೆಸುತ್ತವೆ ಎಂಬ ನೈಸರ್ಗಿಕ ಆಯ್ಕೆಯ ವಿಚಾರ ಅವನಿಗೆ ಮಿಂಚಿನಂತೆ ಹೊಳೆಯಿತು. ಜ್ವರ ಇಳಿದ ಮೇಲೆ ಎರಡು ಸಂಜೆಗಳಲ್ಲಿ ಬರೆದು ಮುಗಿಸಿ ಡಾರ್ವಿನ್ನನಿಗೆ ಕಳುಹಿಸಿದ. ಜ್ವರದ ಕನವರಿಕೆಯನ್ನು ನಂಬುವುದು ಹೇಗೆ ಎಂದು ನೀನು ಕೇಳಬಹುದು. ಜ್ವರ ಬಂದವರಿಗೆಲ್ಲ ಅದು ಹೊಳೆಯಲಿಲ್ಲ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ಅಮೆಜಾನಿನಲ್ಲೂ ಮಲಯ ದ್ವೀಪಗಳಲ್ಲೂ ಜೀರುಂಡೆ, ಚಿಟ್ಟೆ, ಹಕ್ಕಿಗಳನ್ನು ಸಾವಿರಗಟ್ಟಲೆ ಕೂಡಿಹಾಕಿ, ಒಂದೇ ಜಾತಿಯೊಳಗೂ ಒಂದರಂತೆ ಇನ್ನೊಂದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದವನಿಗೆ ಅದು ಹೊಳೆಯಿತು.

ಇದೇ ವ್ಯಾಲೇಸ್ 1869ರಲ್ಲಿ, ಮನುಷ್ಯನ ಮೆದುಳು ಮತ್ತು ಬುದ್ಧಿಶಕ್ತಿಗಳು ಬದುಕುಳಿಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನವು, ಆದ್ದರಿಂದ ಇದರ ಹಿಂದೆ ಮೇಲಿನ ಚೇತನವೊಂದರ ಕೈಯಿದೆ ಎಂಬ ವಾದಕ್ಕೆ ಬಂದ. ಡಾರ್ವಿನ್ ಆ ಲೇಖನದ ಅಂಚಿನಲ್ಲಿ ‘ಇಲ್ಲ’ ಎಂದು ಬರೆದು, ಅದರಡಿ ಮೂರು ಗೆರೆ ಎಳೆದು, ಆಶ್ಚರ್ಯಚಿಹ್ನೆಗಳ ಸುರಿಮಳೆಯನ್ನೇ ಹಾಕಿದ. ಕಲ್ಪನಾಶಕ್ತಿ ನಮಗೆ ಬಂದದ್ದು ಹೇಗೆ ಎಂಬ ವ್ಯಾಲೇಸನ ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು ಎಂದೇ ನನ್ನ ಎಣಿಕೆ. ಅವನ ಉತ್ತರವನ್ನು ಮಾತ್ರ ಒಪ್ಪಲಾರೆ. ಒಂದು ಕೆಲಸಕ್ಕೆಂದು ಬಲಿತ ಅಂಗ ಇನ್ನೊಂದಕ್ಕೆ ಒದಗಿಬರುವುದು ಜೀವಲೋಕದಲ್ಲಿ ದಿನನಿತ್ಯದ ಸಂಗತಿ.

ಈಗ ದಶಾವತಾರ. ಉಪನ್ಯಾಸಕರು ಹೇಳಿದ ಕ್ರಮ ಎಲ್ಲ ಪುರಾಣಗಳಲ್ಲೂ ಒಂದೇ ಅಲ್ಲ. ಭಾಗವತದ ಮೊದಲ ಸ್ಕಂಧದಲ್ಲಿ 22 ಅವತಾರಗಳ ಪಟ್ಟಿಯಿದೆ. ಅಲ್ಲಿ ವರಾಹ ಎರಡನೆಯದು, ಮತ್ಸ್ಯ ಹತ್ತನೆಯದು, ಕೂರ್ಮ ಹನ್ನೊಂದನೆಯದು. ವಿಕಾಸದ ಕಣ್ಣಿನಿಂದ ಓದಿದರೆ ಅಲ್ಲಿ ಹಂದಿಯಾದ ಮೇಲೆ ಮೀನು ಬರುತ್ತದೆ. ಭಾಗವತಕ್ಕೆ ಶತಮಾನಗಳ ಕಾಲ ವ್ಯಾಖ್ಯಾನ ಬರೆದವರಿಗೆ ಇದು ತೊಡಕಾಗಲಿಲ್ಲ, ಏಕೆಂದರೆ ಅವರು ಅಲ್ಲಿ ಹುಡುಕಿದ್ದು ಭಗವಂತನ ಮಹಿಮೆಯನ್ನು. ಅವತಾರಗಳನ್ನು ವಿಕಾಸದ ಮೆಟ್ಟಿಲುಗಳೆಂದು ಓದುವುದು ಡಾರ್ವಿನ್ನನ ಗ್ರಂಥ ಬಂದ ಮೇಲೆ ಬೆಳೆದ ರೂಢಿ. ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಬ್ಲಾವಟ್‌ಸ್ಕಿ ಹಾಗೆ ಬರೆದದ್ದು 1877ರಲ್ಲಿ. ಇನ್ನು ಪದವನ್ನೇ ನೋಡು: ಅವತಾರವೆಂದರೆ ಇಳಿದು ಬರುವುದು. ಮತ್ಸ್ಯನ ಹೊಟ್ಟೆಯಲ್ಲಿ ಕೂರ್ಮ ಹುಟ್ಟಲಿಲ್ಲ, ಕೂರ್ಮನ ವಂಶದಲ್ಲಿ ವರಾಹ ಬರಲಿಲ್ಲ. ವಿಕಾಸವಾದದ ಜೀವಾಳವೇ ವಂಶ. ತಾಯಿಯಿಂದ ಮರಿಗೆ, ಕೊಂಬೆಯಿಂದ ಕವಲಿಗೆ.

ಚಿಕ್ಕಂದಿನಲ್ಲಿ ಗದ್ದೆಯ ಬಯಲಿನಲ್ಲಿ ಒಂದೇ ಕಂಬಳಿ ಹೊದ್ದು ನಾವು ನೋಡಿದ ದಶಾವತಾರ ಮೇಳದ ಆಟ ನಿನಗೆ ನೆನಪಿದೆಯೇ? ಬೆಳಗಿನ ಜಾವದ ಪ್ರಹ್ಲಾದ ಚರಿತ್ರೆ. ದೊಂದಿಗೆ ರಾಳ ಎರಚಿದ ಬೆಂಕಿಯ ನಡುವೆ ನರಸಿಂಹ ಅಬ್ಬರಿಸುತ್ತಾ ಬಂದಾಗ ನೀನು ನನ್ನ ತೋಳನ್ನು ಉಗುರಿಳಿಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲು, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು, ನರನೂ ಅಲ್ಲದ ಮೃಗವೂ ಅಲ್ಲದ ರೂಪ. ವರದ ಒಂದೊಂದು ಮಾತಿನ ಸಂದಿಯಲ್ಲೂ ನ್ಯಾಯ ನುಗ್ಗಿ ಬಂದ ಆ ಕಲ್ಪನೆಯ ಎತ್ತರವೆಂಥದು! ಅದನ್ನು ತಂದು, ಸಸ್ತನಿಗೂ ಮನುಷ್ಯನಿಗೂ ನಡುವಿನ ಕೊಂಡಿ ಎಂದು ಪಾಠದ ಚಿತ್ರಪಟಕ್ಕೆ ಅಂಟಿಸಿದರೆ ಜೀವಶಾಸ್ತ್ರಕ್ಕೆ ಏನೂ ಸೇರಲಿಲ್ಲ, ಪುರಾಣ ಮಾತ್ರ ಬಡವಾಯಿತು. ನನಗೆ ಸಂಕಟವಾಗುವುದು ವಿಜ್ಞಾನದ ಪರವಾಗಿ ಎಷ್ಟೋ, ನರಸಿಂಹನ ಪರವಾಗಿಯೂ ಅಷ್ಟೇ.

ದಸರೆಯ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಾ. ಕಳೆದ ತಿಂಗಳು ನಮ್ಮ ಜಗಲಿಯ ದೀಪದ ಕೆಳಗೆ ಸತ್ತು ಬಿದ್ದಿದ್ದ ಒಂದು ಹಾಕ್‌ಮಾತ್ ಪತಂಗವನ್ನು ಎತ್ತಿಟ್ಟುಕೊಂಡಿದ್ದೇನೆ. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿದ್ದ ಅದರ ನಾಲಗೆಗೆ ಬಿಸಿನೀರಿನ ಹಬೆ ತೋರಿಸಿ, ಸೂಜಿಯಿಂದ ಮೆಲ್ಲಗೆ ಬಿಡಿಸಿದಾಗ ಅದು ನನ್ನ ತೋರುಬೆರಳಿಗಿಂತ ಉದ್ದವಿತ್ತು. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಹಿತ್ತಲಲ್ಲಿ ಸಂಜೆಮಲ್ಲಿಗೆ ಇನ್ನೂ ಅರಳುತ್ತಿದೆ, ಕತ್ತಲಾಗುವ ಹೊತ್ತಿಗೆ ಈ ಪತಂಗಗಳು ಅದಕ್ಕೆ ಬರುತ್ತವೆ. ಬರುವಾಗ ಅವಳು ಒಂದು ಅಳತೆಪಟ್ಟಿ ತರಲಿ. ಮೊದಲು ಹೂವಿನ ಕೊಳವೆಯನ್ನು ಅಳೆದು, ಅದಕ್ಕೆ ಬರುವ ಪತಂಗದ ನಾಲಗೆ ಎಷ್ಟುದ್ದ ಇರಬೇಕೆಂದು ತನ್ನ ಪುಸ್ತಕದಲ್ಲಿ ಬರೆದಿಡಲಿ. ಆಮೇಲೆ ಡಬ್ಬಿ ತೆರೆಯೋಣ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ