ಮೆಟಾ ಡಿಸ್ಕ್ರಿಪ್ಶನ್ ಬರೆಯುವವರ ಗಮನಕ್ಕೆ
ಗೆಳೆಯರೇ, ನಿನ್ನೆ ಒಂದು ಹೋಟೆಲ್ ಸೈಟ್ ನೋಡಿದೆ. ಗೂಗಲ್‌ನಲ್ಲಿ ಹುಡುಕಿದಾಗ ಹೆಸರಿನ ಕೆಳಗೆ ಕಾಣಲೆಂದು ಬರೆಯುವ ಪುಟದ ಕಿರು ವಿವರಣೆ, ಅಂದರೆ ಮೆಟಾ ಡಿಸ್ಕ್ರಿಪ್ಶನ್, ಹೀಗಿತ್ತು: ‘ಬೆಣ್ಣೆ ದೋಸೆ, ಬೆಸ್ಟ್ ಬೆಣ್ಣೆ ದೋಸೆ, ದಾವಣಗೆರೆ ಬೆಣ್ಣೆ ದೋಸೆ’. ಹೀಗೆ ಸುಮ್ನೆ ತುರುಕಬೇಡಿ. ಮೆಟಾ ಡಿಸ್ಕ್ರಿಪ್ಶನ್‌ನಿಂದ ರ‍್ಯಾಂಕ್ (ಹುಡುಕಾಟದ ಪಟ್ಟಿಯಲ್ಲಿ ಪುಟದ ಸ್ಥಾನ) ಏರುವುದಿಲ್ಲ, ಗೂಗಲ್ 2009ರಲ್ಲೇ ಹೇಳಿದೆ. ಅದು ಇರುವುದು ಓದುವವರು ಕ್ಲಿಕ್ ಮಾಡಲಿ ಅಂತ.

ನಾನಾದರೆ ಹೀಗೆ ಬರೆಯುತ್ತೇನೆ: ‘ಕಟ್ಟಿಗೆ ಒಲೆಯ ಬೆಣ್ಣೆ ದೋಸೆ, ಆಲೂ ಪಲ್ಯ, ಕಾಯಿ ಚಟ್ನಿ. ಪಿ.ಜೆ. ಬಡಾವಣೆ, ದಾವಣಗೆರೆ. ಬೆಳಗ್ಗೆ 7ರಿಂದ 11. ಸೋಮವಾರ ರಜೆ.’ ಹಸಿದವನಿಗೆ ಇಷ್ಟು ಸಾಕು ಅಲ್ವಾ?

ಅಕ್ಷರಗಳಿಗೆ ಗೂಗಲ್ ಮಿತಿ ಇಟ್ಟಿಲ್ಲ. ಆದರೆ ಜಾಗ ಸಾಲದಿದ್ದರೆ ಕತ್ತರಿಸುತ್ತದೆ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ 150-160 ಅಕ್ಷರ ಕಾಣುತ್ತದೆ. ಕನ್ನಡದ ಅಕ್ಷರ ಅಗಲ, ಇನ್ನೂ ಚಿಕ್ಕದಿರಲಿ. ಮುಖ್ಯ ಮಾತು ಮೊದಲು ಬರಲಿ.

ಪ್ರತಿ ಪುಟಕ್ಕೂ ಬೇರೆ ಸಾಲು ಬರೆಯಿರಿ. ನಾನೊಮ್ಮೆ ಒಂದನ್ನೇ ಎಲ್ಲ ಕಡೆ ಅಂಟಿಸಿ, ಮಂಡಕ್ಕಿ ಪುಟದ ಕೆಳಗೂ ದೋಸೆ ಟೈಮಿಂಗ್ ಬಂದಿತ್ತು! ಮಾಲೀಕರು ಫೋನ್ ಮಾಡಿ ನಕ್ಕರು, ಪುಣ್ಯ.

ನೀವು ಬರೆದದ್ದನ್ನು ಬಿಟ್ಟು ಗೂಗಲ್ ಪುಟದೊಳಗಿನ ಬೇರೆ ಸಾಲನ್ನು ತೋರಿಸುವುದೂ ಉಂಟು. ಹುಡುಕಿದ ಪದಕ್ಕೆ ಅದು ಜಾಸ್ತಿ ಹೊಂದಿದರೆ ಹಾಗಾಗುತ್ತದೆ, ಗಾಬರಿ ಬೇಡ. ನಿಮ್ಮ ಸಾಲುಗಳನ್ನು ಇಲ್ಲೇ ಹಾಕಿ, ರಾತ್ರಿ ಕೂತು ನೋಡುತ್ತೇನೆ.