ಫೈಲು ಅವಳದು, ಕ್ಲಯಂಟ್ ಯಾರದು?

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿ ಎರಡು ದಿನ ಸುಮ್ನಿದ್ದೆ. ನಿನ್ನ ಟೀಮಿನ ಚುರುಕಾದ ಹುಡುಗಿ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾಳೆ, ಕಾರಣ ಹೇಳುತ್ತಿಲ್ಲ, ನೀನು ಇಷ್ಟು ವರ್ಷ ಹೇಗೆ ಉಳಿದೆ ಎಂದು ಕೇಳಿದ್ದೀಯ. ಕಟ್ಟಡಗಳ ಮೇಲೆ ಸಾಲ ಕೊಡುವ ಈ ಕಸುಬನ್ನು ನಾವಿಬ್ಬರೂ ಒಂದೇ ದಿನ, ಒಂದೇ ಮೇಜಿನ ಎರಡು ಕಡೆ ಕೂತು ಶುರು ಮಾಡಿದವರು. ಉತ್ತರ ನಿನಗೂ ಅರ್ಧ ಗೊತ್ತಿರಬೇಕು, ಅಲ್ವಾ? (ಇದನ್ನು ಇನ್ನೂ ನಾಲ್ಕು ಜನ ಓದಲಿ ಅಂತ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಬಿಡಿಸಿ ಹೇಳಿದರೆ ಬೈಬೇಡ.)

ಮೊದಲ ವರ್ಷ ನಮ್ಮಿಬ್ಬರದೂ ಒಂದೇ ಕೆಲಸ. ಕಟ್ಟಡದ ಬಾಡಿಗೆಯಿಂದ ಖರ್ಚು ಕಳೆದು, ಉಳಿದದ್ದು ಸಾಲದ ವರ್ಷದ ಕಂತಿನ ಎಷ್ಟು ಪಟ್ಟು ಇದೆ ಅಂತ ನೋಡುವುದು. 1.25 ಪಟ್ಟು ಬಂದರೆ ಸಮಾಧಾನ. ಯಾವ ಬಾಡಿಗೆದಾರನ ಲೀಸ್ ಯಾವ ತಿಂಗಳು ಮುಗಿಯುತ್ತದೆ ಅಂತ ಗುರುತು ಹಾಕುವುದು. ಎರಡನೇ ವರ್ಷ ನಿನ್ನನ್ನು ಸಾಲಗಾರರ ಜೊತೆ ಕಟ್ಟಡ ನೋಡಲು ಕಳಿಸಿದರು. ನನಗೆ "ನಿನ್ನ ಲೆಕ್ಕ ತುಂಬಾ ಅಚ್ಚುಕಟ್ಟು" ಎಂದು ಇನ್ನೂ ನಾಲ್ಕು ಫೈಲು ಕೊಟ್ಟರು. ಹೊಗಳಿದರು ಅಂತ ಖುಷಿಪಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಲ್ಲ.

ನಮ್ಮ ಕಸುಬಿನಲ್ಲಿ ಡೀಲ್ ತರುವವರಿಗೆ ಹೆಸರು, ಬೋನಸ್ ಎರಡೂ. ಲೆಕ್ಕ ಮಾಡುವವರು ಕಣ್ಣಿಗೆ ಬೀಳುವುದು ತಪ್ಪು ಮಾಡಿದ ದಿನ ಮಾತ್ರ. ಅಂಡರ್‌ರೈಟಿಂಗ್, ಅಂದರೆ ಸಾಲ ಕೊಡಬಹುದೇ ಅಂತ ಲೆಕ್ಕ ಹಾಕಿ ನೋಡುವುದು, ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಅದೇ ನನ್ನ ಅನ್ನ. ಆದರೆ ಅಲ್ಲಿಂದ ಮೇಲೆ ಹತ್ತುವ ಏಣಿಗೆ ಮೆಟ್ಟಿಲು ಕಡಿಮೆ.

ನಾನು ಹೇಗೆ ದಾಟಿದೆ ಕೇಳು. ಒಬ್ಬ ಸಾಲಗಾರರಿದ್ದರು. ಮೊದಲ ಭೇಟಿಯಲ್ಲಿ ಅವರ ಪ್ರಶ್ನೆಗಳೆಲ್ಲ ನನ್ನ ಜೂನಿಯರ್ ಹುಡುಗನಿಗೆ. ಅವನು ನನ್ನ ಮುಖ ನೋಡುತ್ತಿದ್ದ. ಉತ್ತರ ನಾನು ಹೇಳುತ್ತಿದ್ದೆ. ಮುಂದಿನ ಪ್ರಶ್ನೆ ಮತ್ತೆ ಅವನಿಗೇ! ಆಮೇಲೆ ಫೋನ್ ಮಾಡಿದರೂ ನೇರ ನನ್ನ ಬಾಸ್‌ಗೆ.

ಅಷ್ಟರಲ್ಲಿ ಬಡ್ಡಿ ಏರಿತು. ಬಡ್ಡಿ ಏರಿದರೆ ಏನಾಗುತ್ತದೆ ನೋಡು. ಕಟ್ಟಡದ ವರ್ಷದ ಆದಾಯ 100 ಎಂದಿಟ್ಟುಕೋ. ಹಾಕಿದ ಹಣಕ್ಕೆ 5% ಬಂದರೆ ಸಾಕು ಎಂದು ಕೊಳ್ಳುವವರು ಹೇಳುವ ಕಾಲದಲ್ಲಿ ಅದರ ಬೆಲೆ 2,000. ಅದರ ಮೇಲೆ 1,300 ಸಾಲ, ಅಂದರೆ 65%. ಬಡ್ಡಿ ಏರಿದ ಮೇಲೆ ಅವರೇ 6% ಬೇಕು ಎನ್ನುತ್ತಾರೆ. ಬೆಲೆ ಸುಮಾರು 1,667ಕ್ಕೆ ಇಳಿಯಿತು. ಅದೇ ಸಾಲ ಈಗ 78%. ಬಾಡಿಗೆ ಒಂದು ಚೂರೂ ಕಡಿಮೆಯಾಗಿಲ್ಲ! ಇಂಥ ಎಷ್ಟೋ ಸಾಲಗಳಲ್ಲಿ ಅಸಲಿನ ದೊಡ್ಡ ಪಾಲು ಕೊನೆಯಲ್ಲಿ ಹಾಗೇ ಉಳಿದಿರುತ್ತದೆ, ಹೊಸ ಸಾಲ ಎತ್ತಿ ಹಳೆಯದನ್ನು ತೀರಿಸಬೇಕು. 78% ಕೊಡುವವರು ಯಾರು?

ನನ್ನ ಆ ಸಾಲಗಾರರ ಸಾಲದ ಅವಧಿಯೂ ಆಗಲೇ ಮುಗಿಯಬೇಕೇ? ಬಾಸ್ ಫೋನ್ ಎತ್ತುವುದು ಕಡಿಮೆ ಮಾಡಿದರು. ಒಂದು ಸಂಜೆ ಆ ಮನುಷ್ಯ ನನಗೆ ಫೋನ್ ಮಾಡಿದರು. ದೊಡ್ಡ ಬಾಡಿಗೆದಾರನ ಲೀಸ್ ಯಾವಾಗ ಮುಗಿಯುತ್ತದೆ ಎಂದು ಬಾಯಿಪಾಠ ಇದ್ದದ್ದು ನನಗೊಬ್ಬಳಿಗೇ. ಮೂರು ತಿಂಗಳು ಮಾತಾಡಿದೆವು, ಜಗಳವೂ ಆಯಿತು. ಅವರು ಸ್ವಲ್ಪ ಸ್ವಂತ ಹಣ ತಂದು ಅಸಲು ಇಳಿಸಿದರು, ಆ ಲೀಸನ್ನು ಮುಂದುವರಿಸಿದರು. ನಾನು ಸಾಲ ಮಂಜೂರು ಮಾಡುವ ಕಮಿಟಿಯಲ್ಲಿ ಕೂತು ಒಂದು ವರ್ಷ ಹೆಚ್ಚು ಕಾಲ ಕೇಳಿದೆ. ಕೊಟ್ಟರು. ಮುಂದಿನ ಕಟ್ಟಡಕ್ಕೆ ಅವರ ಮೊದಲ ಫೋನ್ ನನಗೇ ಬಂತು. ಅಷ್ಟೊತ್ತಿಗೆ ನನಗೆ ಏಳು ವರ್ಷ ಸರ್ವಿಸ್ ಆಗಿತ್ತು. ನಿನಗೆ ಆ ಅವಕಾಶ ಎರಡನೇ ವರ್ಷವೇ ಸಿಕ್ಕಿತ್ತು.

ನಿನ್ನ ತಪ್ಪು ಅಂತಲ್ಲ ಮಾರಾಯ. ಸಾಲ ಕೊಡುವಾಗ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಎಂಬ ಕಾನೂನು ಅಮೆರಿಕದಲ್ಲೇ ಬಂದದ್ದು 1974ರಲ್ಲಿ. ಅದು ಸಾಲ ಕೇಳುವವರ ಮಾತು. ಕೊಡುವ ಕಡೆಯ ಕುರ್ಚಿಗಳ ಅಭ್ಯಾಸ ಇನ್ನೂ ಹಳೆಯದು.

ಹೆರಿಗೆ ರಜೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ವಾಪಸ್ ಬಂದಾಗ ನನ್ನ ಮೂವರು ಕ್ಲಯಂಟ್‌ಗಳನ್ನು "ತಾತ್ಕಾಲಿಕವಾಗಿ" ಬೇರೆಯವರಿಗೆ ಕೊಟ್ಟಿದ್ದರು. ಆ ತಾತ್ಕಾಲಿಕ ಇನ್ನೂ ಮುಗಿದಿಲ್ಲ.

ಆ ಹುಡುಗಿಯನ್ನು ಕೂರಿಸಿಕೊಂಡು ಕಾರಣ ಕೇಳಬೇಡ. ನಿನ್ನ ಹತ್ತಿರ ಹೇಳುವುದಿಲ್ಲ. ಕಳೆದ ವರ್ಷ ಅವಳು ಎಷ್ಟು ಸಲ ಸಾಲಗಾರರ ಜೊತೆ ನೀನಿಲ್ಲದೆ ಮಾತಾಡಿದ್ದಾಳೆ, ಅದನ್ನು ಎಣಿಸು. ಒಂದು ಕೈಯ ಬೆರಳುಗಳೇ ಸಾಕಾದರೆ ನಿನಗೇ ಗೊತ್ತಾಗುತ್ತದೆ. ಮುಂದಿನ ಕಮಿಟಿಗೆ ಅವಳ ಫೈಲನ್ನು ಅವಳೇ ಮಂಡಿಸಲಿ. ಯಾರಾದರೂ ನಿನ್ನ ಕಡೆ ನೋಡಿ ಪ್ರಶ್ನೆ ಕೇಳಿದರೆ ನೀನು ಕಿಟಕಿ ಕಡೆ ನೋಡು. ಬಾಯಿ ಮುಚ್ಚಿಕೊಂಡಿರುವುದು ನಿನಗೆ ಕಷ್ಟ, ಗೊತ್ತು.

ಏನಾಯ್ತು ಅಂತ ಬರಿ.

ನಿನ್ನ ಹಳೇ ಮೇಜಿನ ಗೆಳತಿ