ಅಳತೆಯ ದಿನವೇ ಮಹಜರಿನ ಪ್ರತಿ ಕೊಡಿ

ಮಾನ್ಯ ಸಂಪಾದಕರೇ,

ಚತುಷ್ಪಥವಿರಲಿ, ಕೈಗಾರಿಕೆಯಿರಲಿ, ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಅವಳಿ ಜಿಲ್ಲೆಗಳಲ್ಲಿ ಭೂಸ್ವಾಧೀನ ಎಂದೊಡನೆ ಜಗಳವೆಲ್ಲ ಸೆಂಟ್ಸಿಗೆ ಎಷ್ಟು ಎಂಬುದರ ಮೇಲೆಯೇ. ಆದರೆ ಪರಿಹಾರ ಸೋರಿಹೋಗುವುದು ಅದಕ್ಕೂ ಮೊದಲು, ಅಧಿಕಾರಿಗಳು ಜಾಗ ಅಳೆದು ಅದರಲ್ಲಿರುವುದನ್ನೆಲ್ಲ ಮಹಜರಿನಲ್ಲಿ (ಸ್ಥಳ ಪರಿಶೀಲನೆಯ ದಾಖಲೆ) ಬರೆದುಕೊಳ್ಳುವ ಜಂಟಿ ಅಳತೆಯ ದಿನ.

ಹೆದ್ದಾರಿಗೆ ಹೋಗುವ ಜಾಗಕ್ಕೂ 2015ರಿಂದ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಸೂತ್ರವೇ ಅನ್ವಯ. ನೆಲದ ಬೆಲೆಗೆ ಮರ, ಬಾವಿ, ಕಟ್ಟಡದ ಬೆಲೆ ಕೂಡಿಸಿ, ಬಂದ ಮೊತ್ತಕ್ಕೆ ಶೇ. 100 ಸೊಲೇಶಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಸೇರಿಸಬೇಕು. ಹಾಗಾಗಿ ಒಂದೂವರೆ ಲಕ್ಷ ಬಾಳುವ ಬಾವಿಯೊಂದು ಮಹಜರಿನಲ್ಲಿ ಬಿಟ್ಟುಹೋದರೆ ನಷ್ಟ ಮೂರು ಲಕ್ಷ. ‘ಅಡಿಕೆ 40’ ಎಂದಷ್ಟೇ ಬರೆದುಕೊಂಡರೆ ಫಸಲು ಕೊಡುವ ಮರವೂ ಮೊನ್ನೆ ನೆಟ್ಟ ಸಸಿಯೂ ಒಂದೇ ಲೆಕ್ಕ. ಮರದ ಪ್ರಾಯ, ಅದಕ್ಕೆ ಹಬ್ಬಿದ ಕಾಳುಮೆಣಸು, ಪಂಪು, ಮಣ್ಣಿನಡಿಯ ಪೈಪು, ಕೆಂಪುಕಲ್ಲಿನ ಪಾಗಾರದ ಉದ್ದ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ರಸ್ತೆಯ ಈಚೆ ಮನೆ, ಆಚೆ ಬಾವಿ ಎಂದಾದರೆ ಆ ವಿಭಜನೆಯ ನಷ್ಟವನ್ನೂ ಹೆದ್ದಾರಿ ಕಾಯ್ದೆಯ 3ಜಿ ಕಲಂನಡಿ ಲೆಕ್ಕಕ್ಕೆ ತರಬೇಕು. ಕೇಳದವರಿಗೆ ಅದು ಸಿಗುವುದು ಅಪರೂಪ.

ಕುಮ್ಕಿಯದು ಇನ್ನೊಂದು ಫಜೀತಿ. ವರ್ಗ ಜಾಗದ (ಪಟ್ಟಾ ಜಮೀನಿನ) ಅಂಚಿನಿಂದ 100 ಗಜದೊಳಗೆ ಸೊಪ್ಪು-ಸೌದೆಯ ಹಕ್ಕಿದ್ದರೂ ದಾಖಲೆಯಲ್ಲಿ ಅದು ಸರ್ಕಾರಿ ಜಾಗ, ನೆಲದ ಬೆಲೆ ಕೈಗೆ ಬಾರದು. ಬೆಳೆಸಿದ ಮರಗಳನ್ನಾದರೂ ಪ್ರತ್ಯೇಕ ಬರೆಸದಿದ್ದರೆ ಮುಂದೆ ವಾದಕ್ಕೂ ಆಧಾರವಿರುವುದಿಲ್ಲ. ಅಜ್ಜನ ಹೆಸರಲ್ಲೇ ಉಳಿದ ಆರ್‌ಟಿಸಿಯಿದ್ದು, ವಾರಸುದಾರರಲ್ಲಿ ಪಾಲಿನ ತಕರಾರು ಎದ್ದರಂತೂ ಹಣ ನ್ಯಾಯಾಲಯಕ್ಕೆ ಹೋಗಿ ಕೂರುತ್ತದೆ.

ಇನ್ನು ದರ. ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಒಂದು ಕಡೆ, ಸುತ್ತಲಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳ ಪೈಕಿ ಹೆಚ್ಚು ಬೆಲೆ ನಮೂದಾದ ಅರ್ಧದಷ್ಟು ಪತ್ರಗಳ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಮುದ್ರಾಂಕ ಉಳಿಸಲು ಎಲ್ಲರೂ ಮಾರ್ಗಸೂಚಿ ಬೆಲೆಗೇ ನೋಂದಣಿ ಮಾಡಿಸಿದ ಊರಲ್ಲಿ ಸರಾಸರಿ ಮೇಲೇಳುವುದಾದರೂ ಹೇಗೆ? ಇದು ನಾವೇ ತೋಡಿಕೊಂಡ ಗುಂಡಿ.

ಜಾಗ ಬೇಕೆಂದು ಮೊದಲು ಸಾರುವ ಹೆದ್ದಾರಿಯ 3ಎ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪ ಕೊಡಬೇಕು. ಆಗ ದರದ ಮಾತೆತ್ತಿ ಫಲವಿಲ್ಲ, ಅದಕ್ಕೆ ಮುಂದೆ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಇದ್ದಾರೆ. ಕೈಗಾರಿಕಾ ಪ್ರದೇಶಕ್ಕಾದರೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 28ನೇ ಕಲಂ, ಆಕ್ಷೇಪಕ್ಕೆ ನೋಟಿಸು ತಲುಪಿದ 30 ದಿನ. ಅಲ್ಲಿ ಒಪ್ಪಂದದ ದರಕ್ಕೆ ಸಹಿ ಹಾಕಿದ ಮೇಲೆ ಹೆಚ್ಚುವರಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚಿದಂತೆಯೇ.

ಜಿಲ್ಲಾಡಳಿತಕ್ಕೆ ಕೇಳುವುದಿಷ್ಟೆ: ಅಳತೆಗೆ 15 ದಿನ ಮೊದಲು ಲಿಖಿತ ಸೂಚನೆ ಕೊಡಲಿ, ತೋಟಗಾರಿಕೆ ಇಲಾಖೆಯವರನ್ನು ಅದೇ ದಿನ ಕರೆತರಲಿ, ಸಹಿ ಹಾಕಿಸಿಕೊಂಡ ಮಹಜರಿನ ಪ್ರತಿಯನ್ನು ಸ್ಥಳದಲ್ಲೇ ಕೊಟ್ಟು, ಇನ್ನೊಂದನ್ನು ಪಂಚಾಯತ್ ಫಲಕದಲ್ಲಿ ಅಂಟಿಸಲಿ.

ಒಬ್ಬ ಓದುಗ, ಮಂಗಳೂರು